ಮನೇಲಿ ಒಪ್ಪಿದಾರಾ?

ಗ್ರಾಮ ಪಂಚಾಯ್ತಿಯೇ ಇರಲಿ, ವಿಧಾನಸಭೆಯೇ ಇರಲಿ, ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಕಡೆ ಗಂಡಸೊಬ್ಬ ಚುನಾವಣೆಗೆ ನಿಲ್ಲುತ್ತೇನೆ ಅಂದರೆ ಅರಳಿಕಟ್ಟೆಯಲ್ಲಿ ಹುಟ್ಟುವ ಮೊದಲ ಪ್ರಶ್ನೆ ದುಡ್ಡಿನದು. ಎರಡನೆಯದು ಜಾತಿಯದು. ಮೂರನೆಯದು ಅವನು ಯಾವ ಲೀಡರ್ ಕಡೆಯವನು ಎಂಬುದು. ಇವು ಒಳ್ಳೆಯ ಪ್ರಶ್ನೆಗಳು ಅಂತ ನಾವು ಹೇಳುತ್ತಿಲ್ಲ. ಆದರೆ ಮೂರೂ ರಾಜಕೀಯದ ಪ್ರಶ್ನೆಗಳೇ. ಅದೇ ಜಾಗದಲ್ಲಿ ಒಬ್ಬ ಹೆಣ್ಣುಮಗಳು ನಿಲ್ಲುತ್ತೇನೆ ಅಂದಳು ಅನ್ನಿ. ಮೊದಲ ಪ್ರಶ್ನೆ ಬೇರೆಯೇ: "ಮನೇಲಿ ಒಪ್ಪಿದಾರಾ?"

ಕೇಳುವವರ ಉದ್ದೇಶ ಕೆಟ್ಟದ್ದೇ ಇರಬೇಕೆಂದಿಲ್ಲ. ಕಾಳಜಿಯಿಂದ ಕೇಳುವವರೂ ಇದ್ದಾರೆ. ಹೆಂಗಸರೂ ಕೇಳುತ್ತಾರೆ. ಆದರೆ ಈ ಮೂರು ತಾಲ್ಲೂಕು ಸುತ್ತಿದ ಇಷ್ಟು ವರ್ಷಗಳಲ್ಲಿ ಟಿಕೆಟ್ ಆಕಾಂಕ್ಷಿ ಗಂಡಸಿಗೆ ಯಾರಾದರೂ ಈ ಪ್ರಶ್ನೆ ಹಾಕಿದ್ದನ್ನು ನಾವು ಒಂದು ಸಲವೂ ಕೇಳಿಲ್ಲ. ತೋಟ ಅಡವಿಟ್ಟು ಎಲೆಕ್ಷನ್‌ಗೆ ನಿಂತವರಿದ್ದಾರೆ. ಆ ಮನೆಯಾಕೆ ಒಪ್ಪಿದ್ದಳಾ ಅಂತ ವಿಚಾರಿಸಿದವರಿಲ್ಲ.

ಒಂದು ಮಾತು ಮೊದಲೇ ಇತ್ಯರ್ಥ ಮಾಡಿಬಿಡೋಣ. "ಹೆಂಗಸರಿಗೆ ಜನ ವೋಟು ಹಾಕಲ್ಲ ಕಣ್ರೀ, ಹೆಂಗಸರೇ ಹಾಕಲ್ಲ" ಅಂತ ಪಕ್ಷದ ಕಚೇರಿಗಳಲ್ಲಿ ಹೇಳುತ್ತಾರೆ. ಬೇರೆ ಕಡೆಯ ಕಥೆ ಬಿಡಿ, ನಮ್ಮ ಜಿಲ್ಲೆಯಲ್ಲಿ ಇದು ಸುಳ್ಳು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಇಂದಿರಾ ಗಾಂಧಿ ನಿಂತರು. ಎದುರಾಳಿ ಸಣ್ಣವರಲ್ಲ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆಮೇಲೆ ಇದೇ ಕ್ಷೇತ್ರ 1984ರಲ್ಲಿ ಮತ್ತು 1991ರಲ್ಲಿ ಡಿ.ಕೆ. ತಾರಾದೇವಿ ಅವರನ್ನು ಗೆಲ್ಲಿಸಿತು. ಅವರು ಕೇಂದ್ರದಲ್ಲಿ ಮಂತ್ರಿಯೂ ಆದರು. ಕ್ಷೇತ್ರ ಉಡುಪಿ ಚಿಕ್ಕಮಗಳೂರು ಆದ ಮೇಲೆ 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ ಗೆದ್ದರು. ಪಕ್ಕದ ಮೂಡಿಗೆರೆಯಿಂದ ಮೋಟಮ್ಮ ಶಾಸಕಿಯಾಗಿ, ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾದರು. ನಿಮ್ಮ ಊರಲ್ಲಿ ವಾರಕ್ಕೊಮ್ಮೆ ಪಾಸ್‌ಬುಕ್ ಹಿಡಿದು ಸೇರುವ ಸ್ತ್ರೀಶಕ್ತಿ ಸಂಘ ಇದೆಯಲ್ಲ, ಆ ಯೋಜನೆ ಬಂದದ್ದು ಅವರ ಕಾಲದಲ್ಲಿ.

ಅಂದರೆ ಮತದಾರರ ಬೆರಳಿಗೆ ಈ ರೋಗ ಅಷ್ಟಾಗಿ ಇಲ್ಲ. ರೋಗ ಇರುವುದು ಟಿಕೆಟ್ ಹಂಚುವ ಕೋಣೆಯಲ್ಲಿ, ಪ್ರಚಾರದ ವೇದಿಕೆಯಲ್ಲಿ ಮತ್ತು ನಮ್ಮ ಮಾತಿನಲ್ಲಿ. ಕಡೂರು ಮತ್ತು ತರೀಕೆರೆ ವಿಧಾನಸಭಾ ಕ್ಷೇತ್ರಗಳಲ್ಲಿ 2013, 2018, 2023ರ ಮೂರು ಚುನಾವಣೆಗಳಲ್ಲಿ ಗೆದ್ದವರೆಲ್ಲ ಗಂಡಸರು. 2023ರಲ್ಲಿ ಕಾಂಗ್ರೆಸ್, ಬಿಜೆಪಿ ಎರಡೂ ಪಕ್ಷಗಳು ಎರಡೂ ಕಡೆ ನಿಲ್ಲಿಸಿದ್ದು ಗಂಡಸರನ್ನೇ. ಅಂಗಡಿಯಲ್ಲಿ ಇಡದ ಸಾಮಾನನ್ನು ಗಿರಾಕಿ ಕೊಳ್ಳಲಿಲ್ಲ ಅಂತ ದೂರಿದ ಹಾಗಾಯಿತು.

ಇಂದಿರಾ ವಿಷಯ ಬಂದದ್ದರಿಂದ ಒಂದು ಮಾತು. ಅವರು ಪ್ರಧಾನಿಯಾದ ಹೊಸದರಲ್ಲಿ ರಾಮಮನೋಹರ ಲೋಹಿಯಾ ಅವರನ್ನು ಮೂಕ ಗೊಂಬೆ ಅಂತ ಕರೆದರು. ಮುಂದೆ ಅವರ ಮಾತೇ ಕೊನೆ ಮಾತು ಅನ್ನುವಂತಾದಾಗ ಹೊಗಳುವವರು ಏನೆಂದರು? ಇಡೀ ಸಂಪುಟದಲ್ಲಿ ಇರುವ ಒಬ್ಬನೇ ಗಂಡಸು ಅಂದರು. ಚಿಕ್ಕಮಗಳೂರಿಗೆ ಬಂದಾಗಿನ ಘೋಷಣೆಯಲ್ಲಿ ಅವರು ಹೆಣ್ಣು ಸಿಂಹ, ಎದುರಿನವರು ನೂರು ಕೋತಿ. ಗೊಂಬೆ, ಗಂಡಸು, ಸಿಂಹ. ಹನ್ನೆರಡು ವರ್ಷದಲ್ಲಿ ಮೂರು ಹೆಸರು, ಮೂರರಲ್ಲೂ ಅವರು ಒಬ್ಬ ಮಾಮೂಲಿ ಹೆಣ್ಣು ರಾಜಕಾರಣಿಯಲ್ಲ. ತುರ್ತು ಪರಿಸ್ಥಿತಿ ಹೇರಿದ್ದಕ್ಕೆ ಅವರನ್ನು ಎಷ್ಟು ಬೇಕಾದರೂ ಟೀಕಿಸಿ, ಅದು ಅವರು ಮಾಡಿದ ಕೆಲಸ. ಗೊಂಬೆ ಅನ್ನುವುದಕ್ಕೂ ಅದಕ್ಕೂ ಏನು ಸಂಬಂಧ?

ಈಗ ಹತ್ತಿರದ ಕಾಲಕ್ಕೆ ಬರೋಣ. ಕಡೂರಿನವರು ಲೋಕಸಭೆಗೆ ವೋಟು ಹಾಕುವುದು ಹಾಸನ ಕ್ಷೇತ್ರದಲ್ಲಿ ಅನ್ನುವುದು ನಿಮಗೆ ಗೊತ್ತು. ಆ ಹಾಸನದ ನಾಯಕ, ಆಗ ಲೋಕೋಪಯೋಗಿ ಸಚಿವರಾಗಿದ್ದ ಎಚ್.ಡಿ. ರೇವಣ್ಣ 2019ರ ಮಾರ್ಚ್‌ನಲ್ಲಿ ಒಂದು ಮಾತಾಡಿದರು. ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಲೋಕಸಭೆಗೆ ನಿಲ್ಲಲು ಹೊರಟಿದ್ದರು. ಗಂಡ ಸತ್ತು ಇನ್ನೂ ಎಷ್ಟು ದಿನ ಆಯಿತು, ಈಗಲೇ ಇದೆಲ್ಲ ಬೇಕಿತ್ತಾ ಅನ್ನುವ ಅರ್ಥದ ಮಾತು. ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಮೂರೂವರೆ ತಿಂಗಳಾಗಿತ್ತು.

ಮೂರೂವರೆ ತಿಂಗಳು ಕಡಿಮೆಯಾಯಿತೇ? ಹಾಗಿದ್ದರೆ 1984ರ ಅಕ್ಟೋಬರ್ 31 ನೆನಪಿಸಿಕೊಳ್ಳಿ. ಬೆಳಿಗ್ಗೆ ಇಂದಿರಾ ಗಾಂಧಿಗೆ ಗುಂಡು ಹಾರಿಸಿದರು. ಅದೇ ದಿನ ಸಂಜೆ ಮಗ ರಾಜೀವ್ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡರು. ತಾಯಿಯ ಅಂತ್ಯಸಂಸ್ಕಾರವೂ ಆಗಿರಲಿಲ್ಲ. ದೇಶ ಅದನ್ನು ಕರ್ತವ್ಯ ಅಂತ ನೋಡಿತು, ಡಿಸೆಂಬರ್‌ನಲ್ಲಿ ಹಿಂದೆಂದೂ ಇಲ್ಲದ ಬಹುಮತ ಕೊಟ್ಟಿತು. ನಮ್ಮಲ್ಲಿ ಶಾಸಕ ತೀರಿಕೊಂಡಾಗ ಮಗನಿಗೆ ಟಿಕೆಟ್ ಕೊಟ್ಟರೆ ಅದಕ್ಕೆ ಅನುಕಂಪದ ಅಲೆ ಅಂತ ಹೆಸರು. ಗಂಡಿನ ದುಃಖ ವೋಟಾಗುತ್ತದೆ. ಹೆಣ್ಣಿನ ದುಃಖಕ್ಕೆ ಮಾತ್ರ ಕ್ಯಾಲೆಂಡರ್ ಹಿಡಿದು ದಿನ ಎಣಿಸುತ್ತಾರೆ. ಮಂಡ್ಯದ ಜನ ಸುಮಲತಾ ಅವರನ್ನು ಪಕ್ಷೇತರರಾಗಿ 1,25,876 ಮತಗಳಿಂದ ಗೆಲ್ಲಿಸಿದರು. ಅದರ ಹಿಂದೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಆ ಒಂದು ಮಾತಿಗೆ ಕಟ್ಟುವುದು ಬೇಡ. ಆದರೆ ಆ ಮಾತಿನಿಂದ ಆಡಿದವರಿಗೆ ಲಾಭವಂತೂ ಆಗಲಿಲ್ಲ.

ಗಂಡ ಇಲ್ಲದಿದ್ದರೆ ಹೀಗೆ. ಗಂಡ ಇದ್ದರೆ? ಅಜ್ಜಂಪುರದಿಂದ ಆಚೆ ಚನ್ನಗಿರಿ ಕಡೆ ಹೋದರೆ ದಾವಣಗೆರೆ ಜಿಲ್ಲೆ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ ಅಪರೂಪದ ಸ್ಪರ್ಧೆ, ಎರಡೂ ದೊಡ್ಡ ಪಕ್ಷದಿಂದ ಹೆಣ್ಣುಮಕ್ಕಳು. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್‌ನಿಂದ ಡಾ. ಪ್ರಭಾ ಮಲ್ಲಿಕಾರ್ಜುನ್. ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪನವರು ಗಾಯತ್ರಿ ಅವರ ಬಗ್ಗೆ, ಆಕೆ ಅಡುಗೆ ಮಾಡುವುದಕ್ಕಷ್ಟೇ ಲಾಯಕ್ಕು, ಜನರ ಮುಂದೆ ಮಾತಾಡಲು ಬರುವುದಿಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ಇದರಲ್ಲಿ ತಮಾಷೆ ಏನೆಂದರೆ, ಅವರು ಪ್ರಚಾರ ಮಾಡುತ್ತಿದ್ದದ್ದೂ ಒಬ್ಬ ಹೆಣ್ಣುಮಗಳಿಗಾಗಿಯೇ. ಪ್ರಭಾ ಅವರ ಸ್ವಂತ ಸೊಸೆ. ನಮ್ಮ ಮನೆ ಸೊಸೆ ಪಾರ್ಲಿಮೆಂಟಿಗೆ, ಎದುರು ಮನೆ ಸೊಸೆ ಅಡುಗೆಮನೆಗೆ.

ಸಭೆಯಲ್ಲಿ ಸರಾಗ ಮಾತಾಡಲು ಬಾರದ ಗಂಡಸು ಶಾಸಕರು ಎಷ್ಟು ಜನ ಇದ್ದಾರೆ ಅಂತ ನಾವು ಬೇರೆ ಹೇಳಬೇಕಾಗಿಲ್ಲ. ಐದು ವರ್ಷ ಸದನದಲ್ಲಿ ಬಾಯಿ ಬಿಡದವರಿಗೂ ನಮ್ಮಲ್ಲಿ "ಕೆಲಸಗಾರ, ಮಾತು ಕಮ್ಮಿ" ಅಂತ ಸರ್ಟಿಫಿಕೇಟ್ ಸಿಗುತ್ತದೆ.

ದಾವಣಗೆರೆಯ ಪ್ರಕರಣದಲ್ಲಿ ಇನ್ನೂ ಒಂದು ವಿಷಯ ಅಡಗಿದೆ. ಗಾಯತ್ರಿ ಅವರ ಗಂಡ ಆಗ ಸಂಸದರು, ಪ್ರಭಾ ಅವರ ಗಂಡ ಸಚಿವರು. ಆ ವರ್ಷ ಕರ್ನಾಟಕದ 28 ಸೀಟುಗಳಲ್ಲಿ ಗೆದ್ದ ಮಹಿಳೆಯರು ಮೂವರು: ಪ್ರಭಾ, ಚಿಕ್ಕೋಡಿಯಲ್ಲಿ ಸಚಿವ ಸತೀಶ ಜಾರಕಿಹೊಳಿ ಅವರ ಮಗಳು ಪ್ರಿಯಾಂಕಾ, ಮತ್ತು ಬೆಂಗಳೂರು ಉತ್ತರದಲ್ಲಿ ಶೋಭಾ ಕರಂದ್ಲಾಜೆ. ಮೊದಲ ಇಬ್ಬರಿಗೆ ರಾಜಕೀಯದ ಮನೆ ಇದೆ. ಟಿಕೆಟ್ ಕೊಡುವಾಗ ಹೆಣ್ಣಿಗೆ ಯಾವ ಮನೆಯವಳು ಅಂತ ನೋಡುತ್ತಾರೆ, ಪ್ರಚಾರಕ್ಕೆ ಬಂದಾಗ ಮನೆಗೆ ಹೋಗು ಅನ್ನುತ್ತಾರೆ. ಒಳಗೆ ಬರಲೂ ಮನೆ ಬೇಕು, ಹೊರಗೆ ತಳ್ಳಲೂ ಅದೇ ಮನೆ. ಗಂಡಸು ರಾಜಕಾರಣಿಗಳ ಮಕ್ಕಳೂ ಮನೆತನದಿಂದಲೇ ಬರುತ್ತಾರೆ, ಆದರೆ ಅವರನ್ನು ಮನೆಗೆ ಹೋಗಿ ಅಡುಗೆ ಮಾಡು ಅಂದವರಿಲ್ಲ.

ಮನೆತನದ ಬೆನ್ನಿಲ್ಲದೆ ಬಂದವರ ಪಾಡು ಇನ್ನೊಂದು ತರ. ಶೋಭಾ ಕರಂದ್ಲಾಜೆ ಹತ್ತು ವರ್ಷ ತರೀಕೆರೆ, ಅಜ್ಜಂಪುರದವರಿಗೂ ಸಂಸದೆ. ಅವರ ಬಗ್ಗೆ ನಮ್ಮಲ್ಲಿ ದೂರುಗಳಿದ್ದವು. ಕ್ಷೇತ್ರಕ್ಕೆ ಬರುವುದು ಕಡಿಮೆ ಅಂತ ಅವರದೇ ಪಕ್ಷದ ಕಾರ್ಯಕರ್ತರು 2024ರಲ್ಲಿ "ಗೋ ಬ್ಯಾಕ್ ಶೋಭಾ" ಅಂದರು, ಪಕ್ಷ ಅವರನ್ನು ಬೆಂಗಳೂರು ಉತ್ತರಕ್ಕೆ ಕಳಿಸಿತು. ಬಂದಿರಾ, ಅಡಿಕೆ ಬೆಲೆ ಬಿದ್ದಾಗ ಏನು ಮಾಡಿದಿರಿ, ರೈಲು ನಿಲ್ಲಿಸಿದಿರಾ ಅಂತ ಕೇಳುವುದು ನ್ಯಾಯ. ಸಂಸದರು ಯಾರೇ ಇರಲಿ ಕೇಳಬೇಕು. ಅವರ ಕೆಲವು ಹೇಳಿಕೆಗಳು ನಮಗೂ ಹಿಡಿಸಿಲ್ಲ. 2024ರ ಮಾರ್ಚ್‌ನಲ್ಲಿ ತಮಿಳುನಾಡಿನವರ ಬಗ್ಗೆ ಆಡಿದ ಮಾತಿಗೆ ಅವರೇ ಕ್ಷಮೆ ಕೇಳಬೇಕಾಯಿತು. ಹೆಣ್ಣುಮಕ್ಕಳು ರಾಜಕೀಯಕ್ಕೆ ಬಂದ ತಕ್ಷಣ ದೇವತೆಗಳಾಗಿಬಿಡುತ್ತಾರೆ ಅಂತ ನಾವು ನಂಬಿಲ್ಲ. ಆದರೆ ಹೋಟೆಲ್ ಬೆಂಚಿನ ಮೇಲೆ ಈ ಯಾವ ಪ್ರಶ್ನೆಯೂ ಐದು ನಿಮಿಷ ನಿಲ್ಲುತ್ತಿರಲಿಲ್ಲ. ಮಾತು ಹೋಗಿ ನಿಲ್ಲುತ್ತಿದ್ದದ್ದು ಮದುವೆ ಯಾಕೆ ಆಗಿಲ್ಲ ಅನ್ನುವಲ್ಲಿಗೆ. ಅಟಲ್ ಬಿಹಾರಿ ವಾಜಪೇಯಿ ಮದುವೆಯಾಗಿರಲಿಲ್ಲ. ಅದನ್ನು ಇದೇ ಬೆಂಚಿನವರು ದೇಶಕ್ಕೆ ಮುಡಿಪಾದ ಬದುಕು ಅಂದರು. ಗಂಡಸು ಒಂಟಿಯಾದರೆ ತ್ಯಾಗ, ಹೆಂಗಸು ಒಂಟಿಯಾದರೆ ಕಥೆ.

ಇದು ನಮ್ಮ ಹಳ್ಳಿಯ ಹಿಂದುಳಿದ ಬುದ್ಧಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅಮೆರಿಕದಲ್ಲಿ ಕಮಲಾ ಹ್ಯಾರಿಸ್ ಸ್ವಂತ ಮಗು ಹೆತ್ತಿಲ್ಲ ಅನ್ನುವುದು ಚುನಾವಣೆಯ ವಿಷಯವಾಯಿತು. ನ್ಯೂಜಿಲೆಂಡಿನಲ್ಲಿ ಜೆಸಿಂಡಾ ಆರ್ಡರ್ನ್ 2017ರಲ್ಲಿ ಪಕ್ಷದ ನಾಯಕಿಯಾದ ಕೆಲವೇ ಗಂಟೆಗಳಲ್ಲಿ ಟಿವಿಯವರು ಮಗು ಮಾಡಿಕೊಳ್ಳುವ ಯೋಚನೆ ಇದೆಯಾ ಅಂತ ಕೇಳಿದರು. ಅಷ್ಟು ದೂರದಲ್ಲೂ ಪ್ರಶ್ನೆ ಮನೆಯದೇ.

ನಮಗೆ ಹೆಚ್ಚು ಹೇಳಬೇಕೆನಿಸುವುದು ಮೂಡಿಗೆರೆಯ ಫೋಟೊ ಪ್ರಸಂಗ. ಇದು ನಿಮ್ಮ ಕೈಯಲ್ಲಿರುವ ಫೋನಿಗೆ ಸೇರಿದ ವಿಷಯ. 2023ರಲ್ಲಿ ಮೋಟಮ್ಮನವರ ಮಗಳು, ವಕೀಲೆ ನಯನಾ ಮೋಟಮ್ಮ ಕಾಂಗ್ರೆಸ್‌ನಿಂದ ನಿಂತರು. ಗೆದ್ದದ್ದು ಬರೀ 722 ಮತಗಳಿಂದ. ಆ ಚುನಾವಣೆಯ ಆಸುಪಾಸಿನಲ್ಲಿ ಅವರ ಹಳೆಯ ಖಾಸಗಿ ಫೋಟೊಗಳು ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಹರಿದಾಡಿದವು. ಏನಿತ್ತು ಆ ಫೋಟೊಗಳಲ್ಲಿ? ಪ್ರವಾಸ ಹೋದಾಗ, ಗೆಳೆಯರ ಜೊತೆ ಇದ್ದಾಗ, ಆ ವಯಸ್ಸಿನ ಯಾವ ಓದಿದ ಹುಡುಗಿಯ ಫೋನಲ್ಲೂ ಇರಬಹುದಾದ ಆಧುನಿಕ ಉಡುಪಿನ ಚಿತ್ರಗಳು. ಪ್ರಚಾರದಲ್ಲಿ ಸೀರೆ, ಅಲ್ಲಿ ನೋಡಿ ಹೇಗಿದ್ದಾಳೆ ಅಂತ. ಗೆದ್ದ ಮೇಲೆ ನಯನಾ ಏನು ಮಾಡಿದರು ಗೊತ್ತಾ? ಆ ಎರಡೂ ಬಗೆಯ ಫೋಟೊಗಳನ್ನು ತಾವೇ ಸೇರಿಸಿ ವಿಡಿಯೊ ಮಾಡಿ ಹಾಕಿದರು. ಹೌದು ಇದೂ ನಾನೇ, ಖಾಸಗಿ ಬದುಕು ಬೇರೆ ಸಾರ್ವಜನಿಕ ಬದುಕು ಬೇರೆ ಅನ್ನುವುದು ಅವರ ಮಾತಿನ ಸಾರ. ಹರಿಬಿಟ್ಟವರ ಕೈಯಲ್ಲಿ ಆಮೇಲೆ ಏನೂ ಉಳಿಯಲಿಲ್ಲ.

ಈ ಫೋಟೊಗಳ ಪಕ್ಕದಲ್ಲಿ ಇನ್ನೊಂದು ದೃಶ್ಯ ಇಟ್ಟು ನೋಡಿ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯ ಕಲಾಪ ನಡೆಯುತ್ತಿದ್ದಾಗ ಸಚಿವರು ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದರು ಅಂತ ಟಿವಿಗಳಲ್ಲಿ ಬಂತು. ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್ ಮೂವರೂ ರಾಜೀನಾಮೆ ಕೊಟ್ಟರು. ತಪ್ಪು ಮಾಡಿಲ್ಲ ಎಂಬುದು ಅವರ ವಾದ. ಇರಲಿ. ಆದರೆ ಮುಂದೇನಾಯಿತು? ಸವದಿ 2018ರ ಚುನಾವಣೆಯಲ್ಲಿ ಸೋತಿದ್ದರೂ 2019ರ ಆಗಸ್ಟ್‌ನಲ್ಲಿ ಉಪಮುಖ್ಯಮಂತ್ರಿಯಾದರು. 2023ರಲ್ಲಿ ಟಿಕೆಟ್ ಸಿಗದೆ ಬಿಜೆಪಿ ಬಿಟ್ಟಾಗ ಕಾಂಗ್ರೆಸ್ ಬಾಗಿಲು ತೆರೆದು ಟಿಕೆಟ್ ಕೊಟ್ಟಿತು, ಗೆದ್ದರು. ಒಂದು ಪಕ್ಷದ ಮೇಲೆ ಬೆರಳು ತೋರಿಸಲೂ ಆಗದ ಹಾಗೆ ಇಬ್ಬರೂ ಸೇರಿ ಲೆಕ್ಕ ಸರಿಮಾಡಿದರು. ರಜೆಯಲ್ಲಿ ತನಗಿಷ್ಟದ ಬಟ್ಟೆ ಹಾಕಿದ ಹೆಣ್ಣುಮಗಳಿಗೆ ಎದುರಾದ ಪ್ರಶ್ನೆ, ಇವಳು ಶಾಸಕಿಯಾಗಲು ಯೋಗ್ಯಳಾ ಅಂತ. ಸದನದಲ್ಲಿ ಫೋನು ನೋಡಿದ ವಿವಾದಕ್ಕೆ ಸಿಕ್ಕಿದ ಗಂಡಸಿಗೆ ಏಳು ವರ್ಷದಲ್ಲಿ ಮುಖ್ಯಮಂತ್ರಿಯ ಪಕ್ಕದ ಕುರ್ಚಿ. ಒಬ್ಬ ಹೆಣ್ಣು ಸಚಿವೆ ಅದೇ ವಿವಾದಕ್ಕೆ ಸಿಕ್ಕಿದ್ದರೆ ಮತ್ತೆ ಊರಿಗೆ ಮುಖ ತೋರಿಸಲು ಬಿಡುತ್ತಿದ್ದೆವಾ?

ಗಂಡಸು ರಾಜಕಾರಣಿಗಳನ್ನೂ ಬಾಯಿಗೆ ಬಂದ ಹಾಗೆ ಬಯ್ಯುತ್ತಾರಲ್ಲ ಅಂತ ನೀವು ಕೇಳಬಹುದು. ಬಯ್ಯುತ್ತಾರೆ. ಆ ಬೈಗುಳಗಳನ್ನು ಒಂದು ಸಲ ಕಿವಿಗೊಟ್ಟು ಕೇಳಿ. ಬಹಳಷ್ಟರಲ್ಲಿ ಬಯ್ಯಿಸಿಕೊಳ್ಳುವುದು ಅವನ ತಾಯಿ, ಅವನ ಹೆಂಡತಿ. ಅಲ್ಲೂ ಪೆಟ್ಟು ಬೀಳುವುದು ಹೆಣ್ಣಿಗೇ.

2024ರ ಡಿಸೆಂಬರ್ 19ರ ಘಟನೆ ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನ ಪರಿಷತ್ ಸೇರಿದ್ದಾಗ, ಚಿಕ್ಕಮಗಳೂರಿನ ಮಾಜಿ ಶಾಸಕ, ಈಗ ಪರಿಷತ್ ಸದಸ್ಯರಾಗಿರುವ ಸಿ.ಟಿ. ರವಿ ತಮಗೆ ಅಶ್ಲೀಲ ಪದ ಬಳಸಿದರು ಅಂತ ಸಚಿವೆ ಲಕ್ಷ್ಮೀ ಹೆಬ್ಬಾಳಕರ ದೂರಿದರು. ರವಿ ನಿರಾಕರಿಸಿದರು. ಪೊಲೀಸರು ಬಂಧಿಸಿದರು, ಮರುದಿನ ಹೈಕೋರ್ಟ್ ಬಿಡುಗಡೆಗೆ ಹೇಳಿತು. ಪದ ಆಡಿದ್ದು ನಿಜವೋ ಅಲ್ಲವೋ ತೀರ್ಮಾನಿಸುವುದು ಕಾನೂನಿನ ಕೆಲಸ, ನಮ್ಮದಲ್ಲ. ನಾವು ಗಮನಿಸಿದ್ದು ಬೇರೆ. ಎರಡೇ ದಿನದಲ್ಲಿ ಅದು ಪೂರ್ತಿ ಪಕ್ಷದ ಜಗಳವಾಯಿತು. ಈ ಕಡೆ ಮೆರವಣಿಗೆ, ಆ ಕಡೆ ಪ್ರತಿಭಟನೆ, ರಾತ್ರಿಯೆಲ್ಲ ಯಾವ ಜೀಪಿನಲ್ಲಿ ಎಲ್ಲೆಲ್ಲಿ ಸುತ್ತಿಸಿದರು ಅನ್ನುವ ಚರ್ಚೆ. ಸಂಪುಟದಲ್ಲಿ ಇದ್ದ ಒಬ್ಬಳೇ ಹೆಣ್ಣುಮಗಳು ಸದನದಲ್ಲಿ ನಿಂತು ನನಗೆ ಹೀಗೆ ಅಂದರು ಅಂತ ಕಣ್ಣೀರು ಹಾಕಿದ ವಿಷಯ ಎಲ್ಲೋ ಹಿಂದೆ ಬಿತ್ತು. ಹೌದು, ಒಬ್ಬಳೇ. 2023ರಲ್ಲಿ 224 ಶಾಸಕರಲ್ಲಿ ಗೆದ್ದ ಮಹಿಳೆಯರು 10, ಮುಖ್ಯಮಂತ್ರಿ ಸೇರಿ 34 ಜನರ ಸಂಪುಟದಲ್ಲಿ ಮಹಿಳೆ ಒಬ್ಬರು. ಕರ್ನಾಟಕಕ್ಕೆ ಇವತ್ತಿನವರೆಗೆ ಮಹಿಳಾ ಮುಖ್ಯಮಂತ್ರಿ ಬಂದಿಲ್ಲ. ವಿಧಾನಸಭೆಯ ಸ್ಪೀಕರ್ ಕುರ್ಚಿಯಲ್ಲಿ ಕೂತ ಮಹಿಳೆ ಕೆ.ಎಸ್. ನಾಗರತ್ನಮ್ಮ ಒಬ್ಬರೇ, ಅದೂ 1972ರಿಂದ 1978ರವರೆಗೆ.

ಇದಕ್ಕೂ ನಮ್ಮ ಊರಿನ ಪಂಚಾಯ್ತಿಗೂ ಏನು ಸಂಬಂಧ ಅಂದರೆ, ಏಣಿ ಶುರುವಾಗುವುದೇ ಅಲ್ಲಿಂದ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯ್ತಿ ಕಾಲಕ್ಕೇ ಮಹಿಳೆಯರಿಗೆ ಶೇ 25 ಮೀಸಲು ಇತ್ತು, ದೇಶಕ್ಕಿಂತ ಮೊದಲು. 2010ರಿಂದ ಶೇ 50. ಕಡೂರು, ತರೀಕೆರೆ, ಅಜ್ಜಂಪುರದ ಯಾವ ಗ್ರಾಮ ಪಂಚಾಯ್ತಿಗೆ ಹೋದರೂ ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಇಷ್ಟು ವರ್ಷ ಆದರೂ ಕೆಲವು ಕಡೆ ಫೋನ್ ಮಾಡಿದರೆ ಎತ್ತುವವರು ಅಧ್ಯಕ್ಷೆಯ ಯಜಮಾನರು. ಸಭೆಯಲ್ಲಿ ಗಂಡ ಕೂರುವಂತಿಲ್ಲ ಅನ್ನುವ ನಿಯಮ ಇದೆ, ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಕೂರಬಾರದು ಅಂತ ನಿಯಮ ಇಲ್ಲ. ಆಮೇಲೆ ಅದೇ ಜನ "ಹೆಂಗಸರಿಗೆ ಏನ್ ಗೊತ್ತಾಗುತ್ತೆ, ಎಲ್ಲ ಗಂಡಂದಿರೇ ಮಾಡೋದು" ಅಂತ ನಗುತ್ತಾರೆ. ಕೆಲಸ ಕಲಿಯಲು ಬಿಡದವರೇ ಕೆಲಸ ಗೊತ್ತಿಲ್ಲ ಅನ್ನುವವರು. ಹಾಗಂತ ಎಲ್ಲ ಕಡೆ ಹೀಗಿಲ್ಲ. ನೀರಿನ ಬಿಲ್ಲು, ನರೇಗಾ ಅಂದಾಜು ಪಟ್ಟಿ, ಶಾಲೆ ಕಾಂಪೌಂಡಿನ ಅಳತೆ ಬಾಯಲ್ಲೇ ಹೇಳುವ ಅಧ್ಯಕ್ಷೆಯರನ್ನೂ ನಾವು ನೋಡಿದ್ದೇವೆ. ಅಂಥವರ ಹೆಸರು ವಿಧಾನಸಭೆ ಟಿಕೆಟ್ ಚರ್ಚೆಗೆ ಬಂದದ್ದನ್ನು ಮಾತ್ರ ನೋಡಿಲ್ಲ.

ಸರ್ಕಾರದ ಭಾಷೆಯೂ ಒಂದು ವಿಚಿತ್ರ. ಗೃಹಲಕ್ಷ್ಮಿ ಅರ್ಜಿಯಲ್ಲಿ ಮನೆಯ ಯಜಮಾನಿ ಅವಳೇ. ತಿಂಗಳ 2,000 ರೂಪಾಯಿಗೆ ಯಜಮಾನಿ, ಬಿ ಫಾರಂ ವಿಷಯ ಬಂದಾಗ ಮನೇಲಿ ಒಪ್ಪಿದಾರಾ.

ಮಹಿಳಾ ಮೀಸಲು ಕಾನೂನು ಬಂತಲ್ಲ, ಇನ್ನೇನು ಚಿಂತೆ ಅನ್ನಬಹುದು. ಲೋಕಸಭೆ ಮತ್ತು ವಿಧಾನಸಭೆಯಲ್ಲಿ ಮೂರನೇ ಒಂದು ಭಾಗ ಕೊಡುವ ತಿದ್ದುಪಡಿ 2023ರ ಸೆಪ್ಟೆಂಬರ್‌ನಲ್ಲಿ ಪಾಸಾಯಿತು. ಆದರೆ ಅದನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಗಂಟು ಹಾಕಿದರು. ನಮ್ಮ ಜಿಲ್ಲೆಯಲ್ಲಿ ಈಗ ಐದು ವಿಧಾನಸಭಾ ಕ್ಷೇತ್ರ. ಮುಂದೊಂದು ದಿನ ಕಡೂರೋ ತರೀಕೆರೆಯೋ ಮಹಿಳೆಗೆ ಮೀಸಲಾದರೆ ಟಿಕೆಟ್ ಯಾರಿಗೆ ಹೋಗುತ್ತದೆ, ಹತ್ತು ವರ್ಷ ಪಂಚಾಯ್ತಿಯಲ್ಲಿ ದುಡಿದವಳಿಗಾ, ಈಗಿನ ನಾಯಕರ ಮನೆಯೊಳಗಾ? ಇದನ್ನು ತೀರ್ಮಾನಿಸುವುದು ಆಗ ಅಲ್ಲ, ಈಗ ಯಾರಿಗೆ ಕಲಿಯಲು ಅವಕಾಶ ಸಿಕ್ಕಿದೆ ಅನ್ನುವುದು.

ಆ ಅವಕಾಶದ ದೊಡ್ಡ ಮೆಟ್ಟಿಲೇ ಈಗ ಮುರಿದಿದೆ. ಗ್ರಾಮ ಪಂಚಾಯ್ತಿಗೂ ವಿಧಾನಸಭೆಗೂ ನಡುವೆ ಇದ್ದದ್ದು ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ. ಅಲ್ಲೂ ಅರ್ಧ ಸೀಟು ಹೆಣ್ಣುಮಕ್ಕಳದು. ಜಿಲ್ಲೆಯ ಬಜೆಟ್ ಹೇಗೆ ನಡೆಯುತ್ತದೆ, ಇಂಜಿನಿಯರ್ ಹತ್ತಿರ ಹೇಗೆ ಕೆಲಸ ತೆಗೆಯಬೇಕು, ಸಿಇಒ ಮುಂದೆ ಹೇಗೆ ದನಿ ಎತ್ತಬೇಕು ಅನ್ನುವುದನ್ನು ಅವರು ಕಲಿಯುತ್ತಿದ್ದದ್ದು ಆ ಸಭಾಂಗಣದಲ್ಲಿ. ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಒಂದು ಸರ್ಕಾರ ಹೋಗಿ ಇನ್ನೊಂದು ಬಂತು, ಕ್ಷೇತ್ರ ವಿಂಗಡಣೆ, ಮೀಸಲು ಪಟ್ಟಿ, ಕೋರ್ಟು ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟು ದಿನ ಅಲ್ಲಿ ಅಧಿಕಾರಿಗಳದೇ ಆಡಳಿತ.

ಆ ಅವಧಿಯಲ್ಲಿ ಸದಸ್ಯೆಯರಾಗಿದ್ದವರು ನಮಗೆ ಆಗಾಗ ಸಿಗುತ್ತಾರೆ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ. ಕೆಲವರು ತೋಟ ನೋಡಿಕೊಳ್ಳುತ್ತಿದ್ದಾರೆ, ಕೆಲವರು ಸ್ವಸಹಾಯ ಸಂಘದ ಕೆಲಸದಲ್ಲಿದ್ದಾರೆ. ಮಾತು ಶುರುವಾಗುವುದು ಮಳೆ, ಈರುಳ್ಳಿ ಬೆಲೆಯಿಂದ. ಸ್ವಲ್ಪ ಹೊತ್ತಿಗೆ ಅವರೇ ಕೇಳುತ್ತಾರೆ, ಮೀಸಲು ಪಟ್ಟಿ ಬಂತಾ ಅಂತ.